ತೆರೆಯ ಹಿಂದಿನ ಹಿಮ್ಮೇಳ: ಕಾರ್ಟೂನ್ ಚಿತ್ರಗಳ ಸಂಗೀತಗಾರ ಕಾರ್ಲ್ ಸ್ಟಾಲಿಂಗ್

ಕಳೆದ ತಿಂಗಳು ಒಂದು ಸಂಜೆ ನಮ್ಮ ಕಾರ್ಯಾಲಯಕ್ಕೆ ವಯೋವೃದ್ಧರೊಬ್ಬರು ಬಂದಿದ್ದರು. ಹಗಲೆಲ್ಲ ಹೋಟೆಲೊಂದರ ಅಡಿಗೆಮನೆಯಲ್ಲಿ ದುಡಿದು, ನಮ್ಮವರ ಯಕ್ಷಗಾನ ಪ್ರದರ್ಶನವಿದ್ದಲ್ಲಿ ರಾತ್ರಿ ಮದ್ದಲೆ ಬಾರಿಸುವವರು. ಅದರ ಹಿಂದಿನ ವಾರ ನಡೆದ ಆಟದ ವರದಿಯು ನಮ್ಮ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಅಧ್ಯಕ್ಷತೆ ವಹಿಸಿದವರು, ಮುಖ್ಯ ಅತಿಥಿಗಳು, ಹಾರ ಹಾಕಿದವರು, ಹಾರ ಹಾಕಿಸಿಕೊಂಡವರು, ವಂದನಾರ್ಪಣೆ ಮಾಡಿದವರು, ಇವರೆಲ್ಲರ ಹೆಸರೂ ಅದರಲ್ಲಿತ್ತು. ವೇಷಧಾರಿಗಳ ಹೆಸರೂ ಇತ್ತು. ಹಿಮ್ಮೇಳದವರ ಹೆಸರು ಮಾತ್ರ ಇರಲಿಲ್ಲ.

"ಧಣಿಗಳೇ, ನಾನು ಜಗಳಕ್ಕೆ ಬಂದದ್ದಲ್ಲ" ಎಂದು ಅವರು ಮೊದಲೇ ಹೇಳಿದರು. "ಪೇಪರನ್ನು ಊರಿಗೆ ಕಳುಹಿಸಿದ್ದೆ. ಆ ದಿನ ನೀವು ಆಟಕ್ಕೆ ಹೋಗಿರಲಿಲ್ಲವೋ ಎಂದು ಮನೆಯವಳು ಫೋನಿನಲ್ಲಿ ಕೇಳಿದಳು. ಅಷ್ಟೇ."

ನಾವು ಚಹಾ ತರಿಸಿದೆವು. ಅವರು ಕುಡಿದು ಎದ್ದು ಹೋದರು. ಆದರೆ ಅವರ ಮಾತು ಹೋಗಲಿಲ್ಲ. ನಾವೂ ಒಂದು ಕಾಲದಲ್ಲಿ ಅಡಿಗೆಮನೆಯ ಹೊಗೆಯಲ್ಲಿ ನಿಂತವರೇ. ಮೇಜಿನ ಮೇಲೆ ಬಂದ ದೋಸೆಯನ್ನು ಹೊಗಳುವ ಗಿರಾಕಿ ಹಿಟ್ಟು ರುಬ್ಬಿದವನ ಹೆಸರನ್ನು ಕೇಳುವುದಿಲ್ಲವೆಂಬುದನ್ನು ಬಲ್ಲವರು. ಬಲ್ಲ ನಮ್ಮಿಂದಲೇ ಈ ತಪ್ಪು ನಡೆಯಿತಲ್ಲ ಎಂಬ ಖೇದದಲ್ಲಿರುವಾಗಲೇ ಕಾರ್ಲ್ ಸ್ಟಾಲಿಂಗ್ ಎಂಬ ಅಮೆರಿಕದ ಸಂಗೀತಗಾರರ ನೆನಪಾಯಿತು. ಅವರ ಜೀವನವೃತ್ತಾಂತವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಸದ್ದಿಲ್ಲದ ಬೆಕ್ಕು

ವಾಚಕರಲ್ಲಿ ಸ್ಟಾಲಿಂಗರ ಹೆಸರನ್ನು ಕೇಳಿದವರು ವಿರಳ. ಅವರ ಸಂಗೀತವನ್ನು ಕೇಳದವರು ಇನ್ನೂ ವಿರಳ. ಗಜ್ಜರಿ ಕಡಿಯುತ್ತ ಬೇಟೆಗಾರನನ್ನು ಮಂಗಮಾಡುವ ಬಗ್ಸ್ ಬನ್ನಿ ಎಂಬ ಮೊಲ, ಸಿಟ್ಟಿನ ಡ್ಯಾಫಿ ಬಾತುಕೋಳಿ, ತೊದಲುವ ಪೋರ್ಕಿ ಹಂದಿ, ಓಡುವ ಹಕ್ಕಿಯನ್ನು ಹಿಡಿಯಲು ಹೋಗಿ ಪ್ರಪಾತಕ್ಕೆ ಬೀಳುವ ತೋಳನಂಥ ಕಯೋಟಿ, ಇವರನ್ನೆಲ್ಲ ಮನೆಯ ಮಕ್ಕಳೊಡನೆ ಕುಳಿತು ಒಮ್ಮೆಯಾದರೂ ನೋಡಿದವರೇ ಹೆಚ್ಚು. ಆ ಪ್ರಾಣಿಗಳ ಹೆಜ್ಜೆಹೆಜ್ಜೆಗೂ ೨೨ ವರ್ಷಗಳ ಕಾಲ ಸಂಗೀತ ಹಾಕಿದವರು ಸ್ಟಾಲಿಂಗ್.

ನಾವು ಎಸ್.ಎಸ್.ಎಲ್.ಸಿ. ಮುಗಿಸಿ ಮುಂಬಯಿಗೆ ಬಂದು ಹೋಟೆಲಿಗೆ ಸೇರಿದ ದಿನಗಳಲ್ಲಿ ಗಲ್ಲಾದ ಮೇಲ್ಭಾಗದಲ್ಲಿ ಒಂದು ಟೆಲಿವಿಷನ್ ಇತ್ತು. ೧೯೯೫ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಬಂದ ಮೇಲೆ ಅದರಲ್ಲಿ ಬೆಕ್ಕು ಇಲಿಗಳ ಓಟ ಆರಂಭವಾಯಿತು. ಹಗಲು ಗಿರಾಕಿಗಳ ಗದ್ದಲ, ಗ್ರೈಂಡರಿನ ಸದ್ದು. ಟೆಲಿವಿಷನ್ನಿನ ಧ್ವನಿ ಯಾರಿಗೂ ಕೇಳಿಸದು. ಬೆಕ್ಕು ಓಡುತ್ತಿತ್ತು, ಗೋಡೆಗೆ ಬಡಿಯುತ್ತಿತ್ತು, ಯಾರೂ ನಗುತ್ತಿರಲಿಲ್ಲ. ರಾತ್ರಿ ಬಾಗಿಲೆಳೆದು ಮೇಜು ಒರೆಸುವ ಹೊತ್ತಿಗೆ ಧ್ವನಿ ಏರಿಸಿದರೆ, ಅದೇ ಬೆಕ್ಕಿಗೆ ಮಾಣಿಗಳೆಲ್ಲ ಬಿದ್ದುಬಿದ್ದು ನಗುತ್ತಿದ್ದರು. ನಗೆಯ ಅರ್ಧಪಾಲು ಕಿವಿಯಿಂದ ಬರುತ್ತದೆಂಬುದು ನಮಗೆ ಅಂದು ತಿಳಿಯಿತು. ವಾಚಕರು ತಮ್ಮ ಮನೆಯಲ್ಲಿ ಒಮ್ಮೆ ಧ್ವನಿ ನಿಲ್ಲಿಸಿ ಪರೀಕ್ಷಿಸಬಹುದು.

ಬಡಗಿಯ ಮಗ

ಕಾರ್ಲ್ ಸ್ಟಾಲಿಂಗ್ ಜನಿಸಿದ್ದು ೧೮೯೧ನೇ ನವೆಂಬರ್ ೧೦ರಂದು, ಅಮೆರಿಕದ ಮಿಸೌರಿ ಸಂಸ್ಥಾನದ ಲೆಕ್ಸಿಂಗ್‌ಟನ್ ಎಂಬ ಸಣ್ಣ ಪಟ್ಟಣದಲ್ಲಿ. ತಂದೆ ತಾಯಿ ಜರ್ಮನಿಯಿಂದ ವಲಸೆ ಬಂದವರು. ತಂದೆಯದು ಬಡಗಿಯ ಕಸುಬು. ಬೇರೆ ನೆಲದಲ್ಲಿ ನೆಲೆಸಿ ಕೈಕಸುಬಿನಿಂದ ಸಂಸಾರ ಸಾಗಿಸುವ ಮನೆಯ ವಾತಾವರಣ ಎಂಥದೆಂಬುದನ್ನು ನಮ್ಮ ವಾಚಕರಿಗೆ ನಾವು ವಿವರಿಸಬೇಕಾಗಿಲ್ಲ. ಆರನೆಯ ವಯಸ್ಸಿನಲ್ಲಿ ಹುಡುಗ ಪಿಯಾನೊ ಕಲಿಯತೊಡಗಿದನು. ಹನ್ನೆರಡರ ಸುಮಾರಿಗೆ ಊರಿನ ಸಿನಿಮಾ ಮಂದಿರದಲ್ಲಿ ಮೂಕಚಿತ್ರಗಳಿಗೆ ಪಿಯಾನೊ ನುಡಿಸುವಷ್ಟು ಕೈ ಪಳಗಿತ್ತು.

ಮೂಕಚಿತ್ರವೆಂದರೆ ನಿಶ್ಶಬ್ದ ಚಿತ್ರವೆಂದು ಇಂದಿನವರು ಭಾವಿಸುವುದುಂಟು. ವಾಸ್ತವದಲ್ಲಿ ಅದು ಎಂದೂ ನಿಶ್ಶಬ್ದವಾಗಿರಲಿಲ್ಲ. ನಮ್ಮ ಮುಂಬಯಿಯ ಮಂದಿರಗಳಲ್ಲಿ ತೆರೆಯ ಬಳಿ ಹಾರ್ಮೋನಿಯಂ ತಬಲೆಗಳವರು ಕುಳಿತಿರುತ್ತಿದ್ದಂತೆ, ಅಮೆರಿಕದಲ್ಲಿ ಪಿಯಾನೊ ಅಥವಾ ಆರ್ಗನ್ ನುಡಿಸುವವರು ಇರುತ್ತಿದ್ದರು. ದೊಡ್ಡ ಮಂದಿರಗಳಲ್ಲಿ ಪೂರ್ಣ ವಾದ್ಯವೃಂದವೇ ಇರುತ್ತಿತ್ತು. ಸ್ಟಾಲಿಂಗ್ ಮುಂದೆ ಕಾನ್ಸಸ್ ನಗರಕ್ಕೆ ತೆರಳಿ, ಅಲ್ಲಿಯ ಐಸಿಸ್ ಎಂಬ ಮಂದಿರದಲ್ಲಿ ಆರ್ಗನ್ ವಾದಕರೂ ವಾದ್ಯವೃಂದದ ನಿರ್ದೇಶಕರೂ ಆದರು.

ಈ ಕೆಲಸದ ಸ್ವರೂಪವನ್ನು ತುಸು ತಿಳಿದರೆ ಅವರ ಮುಂದಿನ ಸಾಧನೆಯ ಗುಟ್ಟು ತಿಳಿಯುತ್ತದೆ. ಕಣ್ಣು ತೆರೆಯ ಮೇಲೆ, ಕೈ ಮಣೆಯ ಮೇಲೆ. ನಾಯಕಿ ಅತ್ತರೆ ಒಂದು ರಾಗ, ಕುದುರೆ ಓಡಿದರೆ ಇನ್ನೊಂದು, ಗುಡುಗು ಮಳೆಗೆ ಮತ್ತೊಂದು. ಎಲ್ಲವನ್ನೂ ಹೊಸದಾಗಿ ರಚಿಸಲು ವೇಳೆ ಎಲ್ಲಿಯದು? ಜನರಿಗೆ ಪರಿಚಿತವಾದ ಹಾಡುಗಳನ್ನೂ ಯುರೋಪಿನ ಶಾಸ್ತ್ರೀಯ ಕೃತಿಗಳ ತುಣುಕುಗಳನ್ನೂ ಸಂದರ್ಭಕ್ಕೆ ತಕ್ಕಂತೆ ಪೋಣಿಸಿ, ನಡುನಡುವೆ ಸ್ವಂತ ಕಲ್ಪನೆಯನ್ನು ಸೇರಿಸಿ ನುಡಿಸಬೇಕು. ಕ್ಷಣಾರ್ಧದಲ್ಲಿ ಒಂದರಿಂದ ಇನ್ನೊಂದಕ್ಕೆ ಜಿಗಿಯಬೇಕು. ಬಾಡಿಗೆಯ ಬಣ್ಣಗಳಿಂದ ಸ್ವಂತ ಚಿತ್ರ ಬರೆಯುವ ಈ ವಿದ್ಯೆ ಸ್ಟಾಲಿಂಗರಿಗೆ ರಕ್ತಗತವಾಯಿತು.

ಎರಡು ಮೂಕ ಸುರುಳಿಗಳು

ಅದೇ ಕಾನ್ಸಸ್ ನಗರದಲ್ಲಿ, ೧೯೨೦ರ ದಶಕದ ಆರಂಭದಲ್ಲಿ, ಜಾಹೀರಾತು ಚಿತ್ರಗಳನ್ನು ತಯಾರಿಸುತ್ತಿದ್ದ ಒಬ್ಬ ತರುಣನ ಪರಿಚಯ ಸ್ಟಾಲಿಂಗರಿಗೆ ಆಯಿತು. ಆತನೇ ವಾಲ್ಟ್ ಡಿಸ್ನಿ. ಸ್ಟಾಲಿಂಗರಿಗಿಂತ ಹತ್ತು ವರ್ಷ ಕಿರಿಯ. ಡಿಸ್ನಿ ಮುಂದೆ ಹಾಲಿವುಡ್ಡಿಗೆ ಹೋದರು. ಸ್ಟಾಲಿಂಗ್ ಆರ್ಗನ್ನಿನ ಮುಂದೆಯೇ ಉಳಿದರು.

೧೯೨೭ರ ಅಕ್ಟೋಬರಿನಲ್ಲಿ ‘ದಿ ಜಾಝ್ ಸಿಂಗರ್’ ಚಿತ್ರ ಬಿಡುಗಡೆಯಾಗಿ ಮಾತಾಡುವ ಚಿತ್ರಗಳ ಯುಗ ಆರಂಭವಾಯಿತು. ಪ್ರೇಕ್ಷಕರಿಗೆ ಅದು ಹಬ್ಬ. ತೆರೆಯ ಬಳಿ ಕುಳಿತು ಹೊಟ್ಟೆ ಹೊರೆಯುತ್ತಿದ್ದ ಸಾವಿರಾರು ವಾದಕರಿಗೆ ಅದು ಅನ್ನದ ಪ್ರಶ್ನೆ. ಚಿತ್ರವೇ ಹಾಡತೊಡಗಿದ ಮೇಲೆ ಹಾರ್ಮೋನಿಯಂನವನಿಗೆ ಯಾರು ಸಂಬಳ ಕೊಡುತ್ತಾರೆ? ೧೯೩೧ರ ಮಾರ್ಚಿನಲ್ಲಿ ಮುಂಬಯಿಯ ಮೆಜೆಸ್ಟಿಕ್ ಮಂದಿರದಲ್ಲಿ ‘ಆಲಂ ಆರಾ’ ತೆರೆಕಂಡ ಮೇಲೆ ನಮ್ಮಲ್ಲಿಯೂ ಹೀಗೆಯೇ ಆಯಿತು. ೧೯೩೪ರಲ್ಲಿ ‘ಸತಿ ಸುಲೋಚನಾ’ ಕನ್ನಡದಲ್ಲಿ ಮಾತಾಡಿದಾಗ ನಾವು ಹಿಗ್ಗಿದೆವು. ಆ ಹಿಗ್ಗಿನ ನಡುವೆ ಕೆಲಸ ಕಳೆದುಕೊಂಡು ಪೆಟ್ಟಿಗೆ ಮುಚ್ಚಿ ಮನೆಗೆ ನಡೆದವರ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ.

ಸ್ಟಾಲಿಂಗರಿಗೆ ಮಾತ್ರ ಮುಚ್ಚುತ್ತಿದ್ದ ಬಾಗಿಲಿನ ಪಕ್ಕದಲ್ಲೇ ಇನ್ನೊಂದು ಬಾಗಿಲು ತೆರೆಯಿತು. ೧೯೨೮ರಲ್ಲಿ ಡಿಸ್ನಿಯವರು ಹೊಸ ಮಿಕಿ ಮೌಸ್ ಚಿತ್ರಕ್ಕೆ ಧ್ವನಿ ಮುದ್ರಿಸಲು ನ್ಯೂಯಾರ್ಕಿಗೆ ಹೋಗುತ್ತ ದಾರಿಯಲ್ಲಿ ಕಾನ್ಸಸ್ ನಗರದಲ್ಲಿ ಇಳಿದರು. ಅವರ ಬಳಿ ಮೊದಲೇ ತಯಾರಾದ ಎರಡು ಮೂಕ ಮಿಕಿ ಚಿತ್ರಗಳಿದ್ದವು: ‘ಪ್ಲೇನ್ ಕ್ರೇಜಿ’ ಮತ್ತು ‘ದಿ ಗ್ಯಾಲಪಿನ್ ಗೌಚೊ’. ಅವುಗಳಿಗೆ ಸಂಗೀತ ರಚಿಸುವ ಕೆಲಸವನ್ನು ಹಳೆಯ ಮಿತ್ರರಿಗೆ ಒಪ್ಪಿಸಿದರು. ಸ್ಟಾಲಿಂಗ್ ರಚಿಸಿ, ಧ್ವನಿಮುದ್ರಣಕ್ಕಾಗಿ ತಾವೂ ನ್ಯೂಯಾರ್ಕಿಗೆ ಹೊರಟರು. ಆ ವರ್ಷದ ನವೆಂಬರ್ ೧೮ರಂದು ತೆರೆಕಂಡು ಮಿಕಿಯನ್ನು ಜಗತ್ಪ್ರಸಿದ್ಧನನ್ನಾಗಿ ಮಾಡಿದ ‘ಸ್ಟೀಮ್‌ಬೋಟ್ ವಿಲ್ಲಿ’ಯ ಸಂಗೀತ ಸ್ಟಾಲಿಂಗರದಲ್ಲ. ಆದರೆ ಅದರ ಬೆನ್ನಿಗೇ ಬಂದ ಚಿತ್ರಗಳದು ಅವರದೇ. ಡಿಸ್ನಿ ಸಂಸ್ಥೆಯ ಪ್ರಥಮ ಸಂಗೀತ ನಿರ್ದೇಶಕರಾಗಿ ಅವರು ಹಾಲಿವುಡ್ಡಿಗೆ ಬಂದರು. ಆಗ ಅವರ ವಯಸ್ಸು ಮೂವತ್ತೇಳು.

ಕುಣಿತ ಮೊದಲೋ, ತಾಳ ಮೊದಲೋ?

ಕೆಲಸಕ್ಕೆ ಸೇರಿದೊಡನೆಯೇ ಡಿಸ್ನಿಯವರಿಗೂ ಸ್ಟಾಲಿಂಗರಿಗೂ ಒಂದು ವಾದ ಹುಟ್ಟಿತು. ಚಿತ್ರದ ಚಲನೆಗೆ ಸಂಗೀತ ಹೊಂದಿಕೊಳ್ಳಬೇಕೆಂದು ಡಿಸ್ನಿ. ಸಂಗೀತವೇ ಮೊದಲಿದ್ದು, ಅದಕ್ಕೆ ತಕ್ಕಂತೆ ಚಿತ್ರ ಬರೆಯಬೇಕೆಂದು ಸ್ಟಾಲಿಂಗ್. ಯಕ್ಷಗಾನ ಬಲ್ಲ ನಮ್ಮವರಿಗೆ ಇದು ಹಳೆಯ ಪ್ರಶ್ನೆ. ವೇಷದವನ ಹೆಜ್ಜೆಗೆ ಚೆಂಡೆ ಬಾರಿಸುವುದೋ, ಚೆಂಡೆಯ ಪೆಟ್ಟಿಗೆ ವೇಷದವನು ಹೆಜ್ಜೆ ಹಾಕುವುದೋ? ಇಬ್ಬರೂ ಬಲ್ಲವರಾದರೆ ಪ್ರಶ್ನೆಯೇ ಉಳಿಯುವುದಿಲ್ಲ.

ಕೊನೆಗೆ ರಾಜಿಯಾಯಿತು. ಮಿಕಿಯ ಚಿತ್ರಗಳಲ್ಲಿ ಡಿಸ್ನಿಯವರ ಮಾತು ನಡೆಯಲಿ. ಸಂಗೀತಕ್ಕೇ ಪ್ರಾಧಾನ್ಯವಿರುವ ಬೇರೊಂದು ಮಾಲಿಕೆಯೂ ಹೊರಡಲಿ. ಹೀಗೆ ಹುಟ್ಟಿದ್ದೇ ‘ಸಿಲ್ಲಿ ಸಿಂಫನಿ’ ಮಾಲಿಕೆ. ಅದರ ಮೊದಲ ಚಿತ್ರ ೧೯೨೯ರ ‘ದಿ ಸ್ಕೆಲಿಟನ್ ಡಾನ್ಸ್’. ನಡುರಾತ್ರಿ ಸ್ಮಶಾನದಿಂದೆದ್ದ ನಾಲ್ಕು ಅಸ್ಥಿಪಂಜರಗಳು ಕುಣಿಯುತ್ತವೆ. ಒಂದು ಇನ್ನೊಂದರ ಬೆನ್ನೆಲುಬನ್ನೇ ವಾದ್ಯದಂತೆ ಬಡಿಯುತ್ತದೆ. ಕೋಳಿ ಕೂಗಿದೊಡನೆ ಗೋರಿಗೆ ಓಟ. ಈ ಕುಣಿತದ ಕಲ್ಪನೆ ಸ್ಟಾಲಿಂಗರದು, ಚಿತ್ರಗಳ ಬಹುಭಾಗ ಅಬ್ ಐವರ್ಕ್ಸ್ ಎಂಬ ಕಲಾವಿದರದು. ಸಂಗೀತದಲ್ಲಿ ಸ್ಟಾಲಿಂಗರ ಸ್ವಂತ ರಚನೆಯ ಜೊತೆಗೆ ನಾರ್ವೆಯ ಗ್ರೀಗ್ ಎಂಬ ಮಹಾಸಂಗೀತಗಾರರ ಕೃತಿಯ ಅಂಶವೂ ಬೆರೆತಿದೆ.

ಇಲ್ಲಿ ಒಂದು ತಾಂತ್ರಿಕ ಸಂಗತಿಯನ್ನು ಹೇಳಬೇಕು. ವಾಕ್ಚಿತ್ರದ ಸುರುಳಿಯಲ್ಲಿ ಒಂದು ಸೆಕೆಂಡಿಗೆ ೨೪ ಬಿಡಿ ಚಿತ್ರಗಳು ಓಡುತ್ತವೆ. ನಿಮಿಷಕ್ಕೆ ೧,೪೪೦. ಏಳು ನಿಮಿಷದ ಒಂದು ಕಾರ್ಟೂನಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು. ೧೨ ಬಿಡಿ ಚಿತ್ರಗಳಿಗೊಂದು ತಾಳದ ಪೆಟ್ಟು ಎಂದು ಗೊತ್ತುಮಾಡಿದರೆ ನಿಮಿಷಕ್ಕೆ ೧೨೦ ಪೆಟ್ಟು. ೮ ಚಿತ್ರಗಳಿಗೊಂದಾದರೆ ೧೮೦. ಹೀಗೆ ಲಯವನ್ನು ಲೆಕ್ಕಕ್ಕೆ ಇಳಿಸಿದರೆ, ಚಿತ್ರಕಾರನು ತನ್ನ ಮೇಜಿನಲ್ಲೂ ಸಂಗೀತಗಾರನು ತನ್ನ ಮೇಜಿನಲ್ಲೂ ಬೇರೆಬೇರೆಯಾಗಿ ಕೆಲಸ ಮಾಡಿದರೂ ಕೊನೆಗೆ ಪೆಟ್ಟು ಪೆಟ್ಟಿನ ಮೇಲೆಯೇ ಬೀಳುತ್ತದೆ. ಆದರೆ ಧ್ವನಿಮುದ್ರಣದ ಹೊತ್ತಿನಲ್ಲಿ ಹತ್ತಾರು ವಾದಕರು ಆ ಲಯವನ್ನು ಕೂದಲೆಳೆಯಷ್ಟೂ ತಪ್ಪದಂತೆ ಹಿಡಿಯುವುದು ಹೇಗೆ? ಸುರುಳಿಯೊಂದರಲ್ಲಿ ಸಮಾನ ಅಂತರದಲ್ಲಿ ತೂತುಗಳನ್ನು ಕೊರೆದು ಓಡಿಸಿದರೆ ‘ಟಿಕ್, ಟಿಕ್’ ಎಂಬ ಸದ್ದು ಬರುತ್ತದೆ. ಅದನ್ನು ಟೆಲಿಫೋನಿನ ಆಲಿಕೆಯ ಮೂಲಕ ವಾದಕರ ಕಿವಿಗೆ ತಲುಪಿಸುವ ಕ್ರಮವನ್ನು ಸ್ಟಾಲಿಂಗ್ ‘ದಿ ಸ್ಕೆಲಿಟನ್ ಡಾನ್ಸ್’ ಕಾಲದಲ್ಲಿ ಬಳಕೆಗೆ ತಂದರು. ‘ಕ್ಲಿಕ್ ಟ್ರ್ಯಾಕ್’ ಎಂಬ ಹೆಸರಿನಲ್ಲಿ ಲೋಕದ ಚಿತ್ರಸಂಗೀತದವರೆಲ್ಲ ಮುಂದೆ ಉಪಯೋಗಿಸಿದ ವಿಧಾನದ ಮೂಲಪುರುಷರಲ್ಲಿ ಸ್ಟಾಲಿಂಗರೂ ಒಬ್ಬರು.

ಅಲೆದಾಟದ ಆರು ವರ್ಷಗಳು

ಇಷ್ಟಾದರೂ ಅವರು ಡಿಸ್ನಿ ಸಂಸ್ಥೆಯಲ್ಲಿ ನಿಂತದ್ದು ಸ್ವಲ್ಪ ಕಾಲ. ೧೯೩೦ರ ಜನವರಿಯಲ್ಲಿ ಐವರ್ಕ್ಸ್ ಸಂಸ್ಥೆಯನ್ನು ಬಿಟ್ಟರು. ಸ್ಟಾಲಿಂಗರೂ ಬಿಟ್ಟರು. ಸಂಸ್ಥೆಯ ಭವಿಷ್ಯದ ಬಗೆಗೆ ಅವರಿಗೆ ಭರವಸೆಯಿರಲಿಲ್ಲ. ಅಂದಿನ ದಿನದಲ್ಲಿ ಅದು ಅವಿವೇಕದ ಮಾತಾಗಿರಲಿಲ್ಲ. ಹೋಟೆಲ್ ನಡೆಸಿ ನೋಡಿದ ನಮಗೆ ಗೊತ್ತು: ಹೊಸ ಅಂಗಡಿ ನಿಲ್ಲುವುದೋ ಬೀಳುವುದೋ ಮೊದಲ ಎರಡು ವರ್ಷದಲ್ಲಿ ಧಣಿಗೇ ತಿಳಿದಿರುವುದಿಲ್ಲ. ಇನ್ನು ಕೆಲಸಗಾರನಿಗೆ ಹೇಗೆ ತಿಳಿದೀತು?

ಮುಂದಿನ ಆರು ವರ್ಷ ಅವರದು ಅಲೆದಾಟ. ನ್ಯೂಯಾರ್ಕಿನಲ್ಲಿ ಸ್ವಲ್ಪ ಕಾಲ, ಐವರ್ಕ್ಸರ ಹೊಸ ಸಂಸ್ಥೆಯಲ್ಲಿ ಸ್ವಲ್ಪ ಕಾಲ, ನಡುವೆ ಡಿಸ್ನಿಯವರಿಗೇ ಬಿಡಿ ಕೆಲಸ. ೧೯೩೩ರಲ್ಲಿ ಡಿಸ್ನಿಯವರ ‘ತ್ರೀ ಲಿಟಲ್ ಪಿಗ್ಸ್’ ಅಮೆರಿಕವನ್ನೆಲ್ಲ ಕುಣಿಸಿ ಆಸ್ಕರ್ ಪ್ರಶಸ್ತಿ ಪಡೆಯಿತು. ಅದರ ಸಂಗೀತ ಫ್ರಾಂಕ್ ಚರ್ಚಿಲ್ ಎಂಬವರದು. ಇಟ್ಟಿಗೆಯ ಮನೆ ಕಟ್ಟಿದ ಜಾಣಹಂದಿ ಪಿಯಾನೊ ಬಾರಿಸುವ ಭಾಗ ಅದರಲ್ಲಿದೆಯಷ್ಟೆ? ಕಾಣುವುದು ಹಂದಿಯ ಗೊರಸು, ಕೇಳುವುದು ಸ್ಟಾಲಿಂಗರ ಬೆರಳು.

ವಾರ್ನರ್ ಸಂಸ್ಥೆಯಲ್ಲಿ

೧೯೩೬ರಲ್ಲಿ, ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ಅವರಿಗೆ ನೆಲೆ ಸಿಕ್ಕಿತು. ವಾರ್ನರ್ ಬ್ರದರ್ಸ್ ಕಂಪೆನಿಗಾಗಿ ಕಾರ್ಟೂನ್ ತಯಾರಿಸುತ್ತಿದ್ದ ಲಿಯಾನ್ ಶ್ಲೆಸಿಂಗರ್ ಎಂಬವರು ಅವರನ್ನು ಸೇರಿಸಿಕೊಂಡರು. ಅಲ್ಲಿ ಅವರ ಮೊದಲ ಚಿತ್ರ ಅದೇ ವರ್ಷದ ‘ಪೋರ್ಕೀಸ್ ಪೌಲ್ಟ್ರಿ ಪ್ಲಾಂಟ್’. ಕೊನೆಯದು ೧೯೫೮ರ ‘ಟು ಇಚ್ ಹಿಸ್ ಓನ್’. ನಡುವಿನ ೨೨ ವರ್ಷಗಳಲ್ಲಿ ೬೦೦ಕ್ಕೂ ಹೆಚ್ಚು ಚಿತ್ರಗಳು. ಸರಾಸರಿ ಹದಿನೈದು ದಿನಕ್ಕಿಂತ ಕಡಿಮೆ ಅವಧಿಗೊಂದು ಸಂಪೂರ್ಣ ಸಂಗೀತ ರಚನೆಯೆಂದಾಯಿತು. ಅದೂ ಸೆಕೆಂಡು ಸೆಕೆಂಡಿಗೆ ಬದಲಾಗುವ ಸಂಗೀತ.

ವಾರ್ನರ್ ಸಂಸ್ಥೆಯಲ್ಲಿ ಅವರಿಗೆ ದೊರೆತ ಭಾಗ್ಯಗಳು ಎರಡು. ಒಂದು, ದೊಡ್ಡ ಚಿತ್ರಗಳಿಗಾಗಿ ಕಂಪೆನಿಯು ಇಟ್ಟುಕೊಂಡಿದ್ದ ಸುಮಾರು ಐವತ್ತು ಮಂದಿಯ ವಾದ್ಯವೃಂದವು ಏಳು ನಿಮಿಷದ ಕಾರ್ಟೂನಿಗೂ ನುಡಿಸುತ್ತಿತ್ತು. ಎರಡು, ಕಂಪೆನಿಯು ಹಲವು ಸಂಗೀತ ಪ್ರಕಾಶನ ಸಂಸ್ಥೆಗಳನ್ನು ಕೊಂಡಿದ್ದುದರಿಂದ ಸಾವಿರಾರು ಜನಪ್ರಿಯ ಹಾಡುಗಳ ಹಕ್ಕು ಕೈಯಲ್ಲಿತ್ತು. ಮೂಕಚಿತ್ರದ ಹಳೆಯ ಆರ್ಗನ್‌ವಾದಕನಿಗೆ ಇನ್ನೇನು ಬೇಕು? ಉಗ್ರಾಣದ ಬೀಗದ ಕೈಯನ್ನೇ ಭಟ್ಟರ ಕೈಗೆ ಕೊಟ್ಟಂತಾಯಿತು.

ಸ್ಟಾಲಿಂಗರ ರೀತಿ ಹೀಗಿತ್ತು. ತೆರೆಯ ಮೇಲೆ ಕೆಂಪು ಉಡುಪಿನ ಹೆಣ್ಣು ಬಂದರೆ, ಕೆಂಪು ಉಡುಪಿನ ಹೆಣ್ಣಿನ ಮೇಲಿನ ಹಾಡಿನ ಧಾಟಿ. ಯಾರಾದರೂ ತಿನ್ನಲು ಕುಳಿತರೆ ‘ಎ ಕಪ್ ಆಫ್ ಕಾಫಿ, ಎ ಸ್ಯಾಂಡ್‌ವಿಚ್ ಅಂಡ್ ಯು’ ಎಂಬ ೧೯೨೫ರ ಹಾಡಿನ ಧಾಟಿ. ಒಂದು ಲೋಟ ಕಾಫಿ, ಒಂದು ತಿಂಡಿ, ಜೊತೆಗೆ ನೀನು ಎಂದು ಅದರ ಅರ್ಥ. ಹೋಟೆಲಿನ ನಂಟುಳ್ಳ ನಮಗೆ ಈ ಧಾಟಿಯ ಮೇಲೆ ವಿಶೇಷ ಮಮತೆಯೆಂದು ಒಪ್ಪಿಕೊಳ್ಳುತ್ತೇವೆ. ಹಾಡು ಬಲ್ಲವರಿಗೆ ಅದೊಂದು ಗುಟ್ಟಿನ ನಗೆ. ಬಲ್ಲದವರಿಗೆ ಕೇವಲ ಇಂಪು. ಯಾರೂ ಮರೆತ ಹಾಡುಗಳನ್ನು ಸ್ಟಾಲಿಂಗ್ ಹುಡುಕಿ ತರುತ್ತಾರೆಂದು ನಿರ್ದೇಶಕ ಚಕ್ ಜೋನ್ಸ್ ಮುಂದಿನ ವರ್ಷಗಳಲ್ಲಿ ನಗುತ್ತ ದೂರಿದ್ದುಂಟು.

ರೇಮಂಡ್ ಸ್ಕಾಟ್ ಎಂಬ ಸಂಗೀತಗಾರ ೧೯೩೭ರಲ್ಲಿ ‘ಪವರ್‌ಹೌಸ್’ ಎಂಬ ಕೃತಿಯನ್ನು ರಚಿಸಿದ್ದರು. ಅದನ್ನು ಬರೆದದ್ದು ಕಾರ್ಟೂನಿಗಾಗಿ ಅಲ್ಲ. ಸ್ಕಾಟರ ಕೃತಿಗಳ ಪ್ರಕಾಶನದ ಹಕ್ಕನ್ನು ವಾರ್ನರ್ ಕಂಪೆನಿ ೧೯೪೩ರಲ್ಲಿ ಪಡೆದ ಮೇಲೆ, ಕಾರ್ಖಾನೆಯ ಯಂತ್ರಗಳು ಒಂದೇ ಸಮನೆ ಬಡಿಯುವ ದೃಶ್ಯಗಳಿಗೆ ಸ್ಟಾಲಿಂಗ್ ಅದನ್ನು ಹೊಂದಿಸಿದರು. ಇಂದು ಆ ಧಾಟಿ ಕೇಳಿದರೆ ಜನರ ಕಣ್ಮುಂದೆ ಯಂತ್ರಗಳೇ ನಿಲ್ಲುತ್ತವೆ.

ಇದೆಲ್ಲವನ್ನು ಕೇಳಿ, ಪರರ ಧಾಟಿಗಳನ್ನು ಪೋಣಿಸಿದವನು ಹೇಗೆ ಕಲಾವಿದನಾದಾನು ಎಂದು ಯಾರಾದರೂ ಪ್ರಶ್ನಿಸಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಸ್ಟಾಲಿಂಗರ ರಚನೆಯಲ್ಲಿ ಪರರ ಧಾಟಿ ನಿಲ್ಲುವುದು ಕೆಲವೇ ಸೆಕೆಂಡು. ಮರುಕ್ಷಣ ಪಾತ್ರ ಕಣ್ಣು ಮಿಟುಕಿಸುತ್ತದೆ. ಮರದ ಪಟ್ಟಿಯ ವಾದ್ಯ ‘ಟಕ್’ ಎನ್ನುತ್ತದೆ. ಕಳ್ಳಹೆಜ್ಜೆ ಇಡುತ್ತದೆ, ಪಿಟೀಲಿನ ತಂತಿಗಳನ್ನು ಬೆರಳಿನಿಂದ ಮೀಟಲಾಗುತ್ತದೆ. ಬೀಳುತ್ತದೆ, ಕಹಳೆ ಮೇಲಿನಿಂದ ಕೆಳಗೆ ಜಾರುತ್ತದೆ. ಮತ್ತೆ ಮೌನ. ಮೌನವನ್ನೂ ಅವರು ಅಳೆದೇ ಬಡಿಸುತ್ತಿದ್ದರು. ೧೯೪೯ರಲ್ಲಿ ಜೋನ್ಸರ ‘ಫಾಸ್ಟ್ ಅಂಡ್ ಫರಿ-ಅಸ್’ ಚಿತ್ರದಲ್ಲಿ ಓಡುವ ಹಕ್ಕಿಯೂ ಕಯೋಟಿಯೂ ಮೊದಲಬಾರಿಗೆ ಬಂದಾಗ ಅವರಿಬ್ಬರಿಗೂ ಮಾತಿರಲಿಲ್ಲ. ಕಯೋಟಿಯ ಆಸೆ, ಹಂಚಿಕೆ, ಭೀತಿ, ಪತನ ಎಲ್ಲವನ್ನೂ ನುಡಿದದ್ದು ಸ್ಟಾಲಿಂಗರ ವಾದ್ಯವೃಂದ. ಬೊಹೀಮಿಯದ ಸ್ಮೆಟಾನಾ ಎಂಬವರ ಗೀತನಾಟಕದ ನೃತ್ಯಸಂಗೀತ ಆ ಓಟಕ್ಕೆ ಜೊತೆಗೂಡಿತು.

ಇನ್ನೊಂದು ಉದಾಹರಣೆ ೧೯೫೦ರ ‘ರ್‍ಯಾಬಿಟ್ ಆಫ್ ಸೆವಿಲ್’. ರೊಸ್ಸಿನಿಯ ‘ದಿ ಬಾರ್ಬರ್ ಆಫ್ ಸೆವಿಲ್’ ಎಂಬ ೧೮೧೬ರ ಗೀತನಾಟಕದ ಪೂರ್ವರಂಗ ಸಂಗೀತವನ್ನು ಆಧರಿಸಿ, ಮೊಲ ಕ್ಷೌರಿಕನಾಗಿ ಬೇಟೆಗಾರ ಎಲ್ಮರನ ಬೋಳುತಲೆಯನ್ನು ಉಜ್ಜುವ ಪ್ರಸಂಗ. ಎಲ್ಲಿಯೂ ಸಂಗೀತ ತುಂಡಾದಂತೆ ಅನಿಸದು. ಎಲ್ಲಿಯೂ ಮೊಲದ ಕೈ ತಾಳ ತಪ್ಪದು. ಅದನ್ನು ನೋಡಿದ ಎಷ್ಟೋ ಮಂದಿಗೆ ರೊಸ್ಸಿನಿಯ ಪರಿಚಯವಾದದ್ದೇ ಮೊಲದ ದೆಸೆಯಿಂದ.

ಅದೇ ತಿಂಗಳಿನ ಇನ್ನೊಬ್ಬರು

ಸ್ಟಾಲಿಂಗ್ ಜನಿಸಿದ ಹದಿನಾರು ದಿನಗಳ ತರುವಾಯ, ೧೮೯೧ರ ನವೆಂಬರ್ ೨೬ರಂದು, ಆರ್ಕನ್ಸಾ ಸಂಸ್ಥಾನದಲ್ಲಿ ಸ್ಕಾಟ್ ಬ್ರಾಡ್ಲಿ ಎಂಬವರು ಜನಿಸಿದರು. ಎಂ.ಜಿ.ಎಂ. ಕಂಪೆನಿಯ ‘ಟಾಮ್ ಅಂಡ್ ಜೆರಿ’ ಚಿತ್ರಗಳಿಗೆ ಸಂಗೀತ ರಚಿಸಿದವರು ಅವರೇ. ನಮ್ಮ ಹೋಟೆಲಿನ ಮಾಣಿಗಳನ್ನು ನಗಿಸಿದ ಬೆಕ್ಕಿನ ಹಿಂದಿದ್ದವರು ಈ ಬ್ರಾಡ್ಲಿ. ಕಾರ್ಟೂನಿನ ಸಂಗೀತವೂ ಗಂಭೀರ ಕಲೆಯಾಗಬಲ್ಲದೆಂದು ಅವರು ನಂಬಿದ್ದರು. ಪರರ ಹಾಡುಗಳನ್ನು ಅತಿಯಾಗಿ ಬಳಸುವುದು ಅವರಿಗೆ ಒಪ್ಪಿಗೆಯಿರಲಿಲ್ಲ. ಶೋನ್‌ಬರ್ಗ್ ಎಂಬ ಆಧುನಿಕ ಸಂಗೀತಾಚಾರ್ಯರ ಹನ್ನೆರಡು ಸ್ವರಗಳ ಪದ್ಧತಿಯನ್ನೂ ಅವರು ಬೆಕ್ಕು ಇಲಿಗಳ ಓಟಕ್ಕೆ ಬಳಸಿದರು. ೧೯೪೪ರ ‘ಪುಟ್ಟಿನ್ ಆನ್ ದಿ ಡಾಗ್’ ಅದಕ್ಕೆ ಸಾಕ್ಷಿ.

ಒಬ್ಬರು ಜನಪದದ ಉಗ್ರಾಣದಿಂದ ತೆಗೆದರು. ಇನ್ನೊಬ್ಬರು ಶಾಸ್ತ್ರದ ತುತ್ತತುದಿಗೆ ಹೋದರು. ದಾರಿ ಬೇರೆ, ಕೆಲಸ ಒಂದೇ. ‘ಟಾಮ್ ಅಂಡ್ ಜೆರಿ’ ಚಿತ್ರಗಳು ಏಳು ಆಸ್ಕರ್ ಪಡೆದವು. ಸ್ಟಾಲಿಂಗರ ಕಾಲದ ವಾರ್ನರ್ ಕಾರ್ಟೂನುಗಳಿಗೂ ೧೯೪೭ರ ‘ಟ್ವೀಟಿ ಪೈ’ಯಿಂದ ಮೊದಲ್ಗೊಂಡು ಆಸ್ಕರ್ ಬಂದಿತು. ಆದರೆ ಕಾರ್ಟೂನಿನ ಆಸ್ಕರ್ ಸಲ್ಲುತ್ತಿದ್ದುದು ನಿರ್ಮಾಪಕರಿಗೆ. ಪ್ರತಿಮೆಯನ್ನು ಕೈಯಲ್ಲಿ ಹಿಡಿದು ನಿಂತವರು ಅವರು. ಚಿತ್ರ ಬರೆದವರು, ಧ್ವನಿ ಕೊಟ್ಟವರು, ಸಂಗೀತ ಹಾಕಿದವರು ಸಭೆಯಲ್ಲಿ ಚಪ್ಪಾಳೆ ತಟ್ಟಿದರು.

ಹೆಸರು ಹೋದ ಬಗೆ

ಸ್ಟಾಲಿಂಗರ ಹೆಸರು ತೆರೆಯ ಮೇಲೆ ಬರುತ್ತಲೇ ಇರಲಿಲ್ಲವೆಂದು ನಾವು ಹೇಳಿದರೆ ಸುಳ್ಳಾದೀತು. ಚಿತ್ರದ ಆರಂಭದಲ್ಲಿ ಸಂಗೀತ ನಿರ್ದೇಶನ ಕಾರ್ಲ್ ಸ್ಟಾಲಿಂಗ್ ಎಂದು ಬರುತ್ತಿತ್ತು. ಕೆಲವು ಸೆಕೆಂಡು ನಿಂತು ಹೋಗುತ್ತಿತ್ತು. ಅಷ್ಟಾದರೂ ಇತ್ತಲ್ಲ ಎನ್ನೋಣವೆಂದರೆ, ೧೯೪೩ರಿಂದ ಮುಂದೆ ಕಂಪೆನಿಯು ಹಳೆಯ ಕಾರ್ಟೂನುಗಳನ್ನು ‘ಬ್ಲೂ ರಿಬ್ಬನ್’ ಎಂಬ ಹೆಸರಿನಲ್ಲಿ ಪುನಃ ಬಿಡುಗಡೆ ಮಾಡಿದಾಗ, ಬಹುಕಾಲ ಆರಂಭದ ಆ ಹೆಸರಿನ ಫಲಕಗಳನ್ನೇ ತೆಗೆದು ಹೊಸ ಫಲಕ ಸೇರಿಸಿತು. ಚಿತ್ರ ಉಳಿಯಿತು, ನಗೆ ಉಳಿಯಿತು, ಸಂಗೀತ ಉಳಿಯಿತು. ದುಡಿದವರ ಹೆಸರು ಹೋಯಿತು. ಹಲವು ಚಿತ್ರಗಳು ಟೆಲಿವಿಷನ್ನಿಗೆ ಬಂದದ್ದು ಈ ರೂಪದಲ್ಲಿಯೇ.

ಇದನ್ನು ಮಾಡಿದವರಿಗೆ ಸ್ಟಾಲಿಂಗರ ಮೇಲೆ ದ್ವೇಷವಿತ್ತೇ? ಇರಲಾರದು. ನಮ್ಮ ವರದಿಗಾರರಿಗೂ ಮದ್ದಲೆಯವರ ಮೇಲೆ ದ್ವೇಷವಿರಲಿಲ್ಲ. ಸ್ಥಳ ಕಡಿಮೆ, ವೇಳೆ ಕಡಿಮೆ. ಯಾರ ಹೆಸರು ಬಿಟ್ಟರೆ ಯಾರೂ ಕೇಳುವುದಿಲ್ಲವೋ ಅವರ ಹೆಸರನ್ನು ಕೈ ತಾನಾಗಿ ಬಿಡುತ್ತದೆ. ಅನ್ಯಾಯ ಹೆಚ್ಚಾಗಿ ನಡೆಯುವುದು ಹೀಗೆಯೇ.

೧೯೫೮ರಲ್ಲಿ ಸ್ಟಾಲಿಂಗ್ ನಿವೃತ್ತರಾದರು. ೧೯೩೬ರಿಂದಲೂ ಅವರ ರಚನೆಗಳನ್ನು ವಾದ್ಯವೃಂದಕ್ಕೆ ಅಳವಡಿಸುತ್ತಿದ್ದ ಮಿಲ್ಟ್ ಫ್ರಾಂಕ್ಲಿನ್ ಎಂಬ ಸಹಾಯಕರು ಆ ಸ್ಥಾನಕ್ಕೆ ಬಂದರು. ಮೊಲ ಮತ್ತು ವಾಗ್ನರನ ಸಂಗೀತ ಒಂದಾದ ೧೯೫೭ರ ‘ವಾಟ್ಸ್ ಆಪರಾ, ಡಾಕ್?’ ಈ ಫ್ರಾಂಕ್ಲಿನ್‌ರದು. ಹಿಮ್ಮೇಳದ ಹಿಂದೆಯೂ ಇನ್ನೊಂದು ಹಿಮ್ಮೇಳವಿರುತ್ತದೆ. ಫ್ರಾಂಕ್ಲಿನ್ ೧೯೬೨ರಲ್ಲಿ, ಕೈಯಲ್ಲಿದ್ದ ಕೆಲಸ ಮುಗಿಯುವ ಮೊದಲೇ ತೀರಿಕೊಂಡರು.

ಸ್ಟಾಲಿಂಗರ ಮುಪ್ಪಿನಲ್ಲಿ, ೧೯೬೯ರಲ್ಲಿ, ಕಾರ್ಟೂನ್ ಕಲೆಯ ಇತಿಹಾಸವನ್ನು ಸಂಗ್ರಹಿಸುತ್ತಿದ್ದ ಮೈಕಲ್ ಬ್ಯಾರಿಯರ್ ಮತ್ತು ಅವರ ಮಿತ್ರರು ಮನೆಗೆ ಹೋಗಿ ಮಾತಾಡಿಸಿದರು. ಆ ಸಂದರ್ಶನ ೧೯೭೧ರಲ್ಲಿ ಒಂದು ಸಣ್ಣ ಪತ್ರಿಕೆಯಲ್ಲಿ ಪ್ರಕಟವಾಯಿತು. ಡಿಸ್ನಿಯವರೊಡನೆ ನಡೆದ ವಾದ, ಟಿಕ್ ಟಿಕ್ ಸುರುಳಿ, ಐಸಿಸ್ ಮಂದಿರದ ದಿನಗಳು, ಇವುಗಳ ಬಗೆಗೆ ಲೋಕಕ್ಕೆ ಇಂದು ತಿಳಿದಿರುವುದರಲ್ಲಿ ಎಷ್ಟೋ ಪಾಲು ಆ ಮಾತುಕತೆಯಿಂದ ಬಂದದ್ದು. ೧೯೭೨ರ ನವೆಂಬರ್ ೨೯ರಂದು ಸ್ಟಾಲಿಂಗ್ ತಮ್ಮ ಎಂಬತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡರು. ಪುಣ್ಯವಶಾತ್ ಅವರನ್ನು ಕೇಳುವವರು ಮೂರು ವರ್ಷ ಮೊದಲೇ ಹೋಗಿದ್ದರು. ಸಣ್ಣ ಪತ್ರಿಕೆ ನಡೆಸುವ ನಮಗೆ ಈ ಸಂಗತಿ ಎಲ್ಲಕ್ಕಿಂತ ಹೆಚ್ಚು ಧೈರ್ಯ ಕೊಟ್ಟಿದೆ.

೧೯೯೦ರಲ್ಲಿ ‘ದಿ ಕಾರ್ಲ್ ಸ್ಟಾಲಿಂಗ್ ಪ್ರಾಜೆಕ್ಟ್’ ಎಂಬ ಧ್ವನಿಮುದ್ರಿಕೆ ಹೊರಬಂದಿತು. ಮಾತು ಮತ್ತು ಸದ್ದುಗಳನ್ನು ಬಿಟ್ಟು, ಸ್ಟುಡಿಯೋದಲ್ಲಿ ಉಳಿದಿದ್ದ ಬರಿಯ ಸಂಗೀತವನ್ನು ಅದರಲ್ಲಿ ಕೇಳಬಹುದು. ೧೯೯೫ರಲ್ಲಿ ಎರಡನೆಯ ಸಂಪುಟ ಬಂದಿತು. ಬಾಲ್ಯದಲ್ಲಿ ಮೊಲವನ್ನು ನೋಡಿ ನಕ್ಕವರು ಈಗ ಮೊಲವಿಲ್ಲದೆ ಆ ಸಂಗೀತವನ್ನು ಕೇಳಿ, ಇದನ್ನು ಮಾಡಿದವರು ಇಂಥವರೋ ಎಂದು ಬೆರಗಾದರು. ನ್ಯೂಯಾರ್ಕಿನ ಜಾನ್ ಜಾರ್ನ್‌ರಂಥ ಹೊಸ ತಲೆಮಾರಿನ ಸಂಗೀತಗಾರರು ಅವರನ್ನು ಕೊಂಡಾಡಿ ಬರೆದರು. ಸ್ಟಾಲಿಂಗ್ ಹೋಗಿ ಆಗಲೇ ಹದಿನೆಂಟು ವರ್ಷ ಸಂದಿತ್ತು.

ನಮ್ಮ ವಿಜ್ಞಾಪನೆ

ಅಷ್ಟು ಕಾಲ ಕಾಯುವ ಅಗತ್ಯ ನಮಗಿಲ್ಲ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿಗಳಲ್ಲಿ ನಮ್ಮ ಸಂಘ ಸಂಸ್ಥೆಗಳು ವರ್ಷವಿಡೀ ಕಾರ್ಯಕ್ರಮ ನಡೆಸುತ್ತವೆ. ಭಾಗವತರು, ಮದ್ದಲೆ ಚೆಂಡೆಯವರು, ನಾಟಕದಲ್ಲಿ ಹಾರ್ಮೋನಿಯಂ ಹಿಡಿಯುವವರು, ಬಣ್ಣ ಬಳಿಯುವವರು, ಪರದೆ ಎಳೆಯುವವರು, ಮರುದಿನ ಕುರ್ಚಿ ಹೊತ್ತು ಹಿಂತಿರುಗಿಸುವವರು, ಎಲ್ಲರೂ ಹಗಲು ದುಡಿದು ರಾತ್ರಿ ಬರುವವರು. ಕಾರ್ಯಕ್ರಮದ ವರದಿ ಕಳುಹಿಸುವ ಕಾರ್ಯದರ್ಶಿಗಳು ಇನ್ನು ಮುಂದೆ ಇವರ ಹೆಸರುಗಳನ್ನೂ ತಪ್ಪದೆ ಬರೆದು ಕಳುಹಿಸಬೇಕಾಗಿ ಪ್ರಾರ್ಥಿಸುತ್ತೇವೆ. ಸ್ಥಳ ಸಾಲದಿದ್ದರೆ ಹಾರಗಳ ಸಂಖ್ಯೆಯನ್ನು ಕಡಿಮೆ ಮಾಡೋಣ.

ಮದ್ದಲೆಯವರಿಗೆ ನಾವು ಮರುದಿನ ಫೋನು ಮಾಡಿ, ತಮ್ಮ ವಿಷಯವಾಗಿ ಪ್ರತ್ಯೇಕ ಲೇಖನ ಬರೆಯೋಣವೇ ಎಂದು ಕೇಳಿದೆವು. "ಅದೆಲ್ಲ ಬೇಡ ಧಣಿಗಳೇ. ಆ ದಿನ ನಾನಿದ್ದೆ ಎಂದು ಗೊತ್ತಾದರೆ ಸಾಕು" ಎಂದರು. ಆದಕಾರಣ ಈ ಲೇಖನದಲ್ಲಿ ಅವರ ಹೆಸರಿಲ್ಲ. ಅದು ಇರಬೇಕಾದ ಸ್ಥಳ ಬೇರೆ. ಆ ಆಟದ ವರದಿಯನ್ನು, ಹಿಮ್ಮೇಳದವರೆಲ್ಲರ ಹೆಸರು ಸೇರಿಸಿ, ಇಂದಿನ ಸಂಚಿಕೆಯ ಮೂರನೆಯ ಪುಟದಲ್ಲಿ ಪುನಃ ಮುದ್ರಿಸಿದ್ದೇವೆ. ಒಂದು ಪ್ರತಿಯನ್ನು ನಾವೇ ಅವರ ಊರಿಗೆ ಅಂಚೆಯಲ್ಲಿ ಕಳುಹಿಸಿದ್ದೇವೆ.